ಡಯಾನಿ ಬೀಚ್‌ನಿಂದ ಒಂದೇ ದಿನದಲ್ಲಿ ತ್ಸಾವೊ ಸಫಾರಿ ಮಾಡಿ ಬರಬಹುದಾ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಕೀನ್ಯಾಕ್ಕೆ ಹೊರಟಿದ್ದೇವೆ. ನಮ್ಮ ಯಜಮಾನರಿಗೆ ಮೊಂಬಾಸಾದಲ್ಲಿ ಆಫೀಸಿನ ಕೆಲಸ. ಅದು ಮುಗಿದ ಮೇಲೆ ಒಂದು ವಾರ ಡಯಾನಿ ಬೀಚ್‌ನಲ್ಲಿ ರೆಸಾರ್ಟ್ ಬುಕ್ ಮಾಡಿದ್ದೇವೆ. ಜೊತೆಗೆ ಐದನೇ ಕ್ಲಾಸಿನ ಮಗಳು ಮತ್ತು ನಮ್ಮ ಅತ್ತೆ ಇರುತ್ತಾರೆ. ಅಷ್ಟು ದೂರ ಹೋಗಿ ಆನೆ, ಸಿಂಹ ನೋಡದೆ ಬರಲ್ಲ ಅಂತ ಮಗಳು ಹಟ ಹಿಡಿದಿದ್ದಾಳೆ.

ರೆಸಾರ್ಟಿನವರನ್ನು ಕೇಳಿದೆ. ತ್ಸಾವೊ ಈಸ್ಟ್‌ಗೆ ಒಂದು ದಿನದ ಸಫಾರಿ ಇದೆ, ಬೆಳಿಗ್ಗೆ ಹೋಗಿ ರಾತ್ರಿ ಊಟದ ಹೊತ್ತಿಗೆ ವಾಪಸ್ ಅಂತ ಬರೆದರು. ಅತ್ತೆಗೆ ಮಂಡಿನೋವು ಇದೆ, ಜಾಸ್ತಿ ಹೊತ್ತು ಕೂತರೆ ಕಾಲು ಊದುತ್ತದೆ. ಅಷ್ಟು ದೂರ ಒಂದೇ ದಿನದಲ್ಲಿ ಹೋಗಿ ಬರೋದು ಸರೀನಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಮೊಂಬಾಸಾವಾಸಿ

ಹೋಗಬಹುದು ಮೇಡಂ, ದಿನಾ ಜನ ಹೋಗಿ ಬರುತ್ತಾರೆ. ಆದರೆ ದೂರ ಎಷ್ಟು, ದುಡ್ಡು ಎಷ್ಟು ಅಂತ ಕೇಳುವ ಮೊದಲು ಪಾರ್ಕಿನ ಗೇಟಿನ ಒಳಗೆ ಎಷ್ಟು ಗಂಟೆ ಇರುತ್ತೀರಿ ಅಂತ ಕೇಳಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಡಯಾನಿ ಇರೋದು ಮೊಂಬಾಸಾದಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ. ಮೊಂಬಾಸಾ ಪೇಟೆ ಒಂದು ದ್ವೀಪ. ದಕ್ಷಿಣದ ದಡದಿಂದ ಅಲ್ಲಿಗೆ ವಾಹನ ಹೋಗುವ ಸೇತುವೆ ಇಲ್ಲ, ಲಿಕೋನಿಯಲ್ಲಿ ಫೆರ್ರಿ ಹತ್ತಬೇಕು. ಲಾರಿ, ಬಸ್ಸು, ಕಾರು, ನಡೆದು ಬರುವ ಸಾವಿರಾರು ಜನ, ಎಲ್ಲರಿಗೂ ಅದೇ ಫೆರ್ರಿ. ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಹೊತ್ತಿನಲ್ಲಿ ಸಿಕ್ಕಿಕೊಂಡರೆ ಒಂದು ಗಂಟೆ ಅಲ್ಲೇ ಹೋಯಿತು ಅಂತ ತಿಳಿಯಿರಿ. ಈಗ ಡೊಂಗೊ ಕುಂಡು ಬೈಪಾಸ್ ಆಗಿದೆ. ಪೇಟೆಗೆ ಹೋಗದೆ ಸುತ್ತಿಕೊಂಡು ಸೀದಾ ನೈರೋಬಿ ಹೆದ್ದಾರಿ ಸೇರಬಹುದು. ನಿಮ್ಮ ಡ್ರೈವರ್ ಯಾವ ದಾರಿಯಲ್ಲಿ ಹೋಗುತ್ತಾನೆ ಅಂತ ಮೊದಲೇ ಕೇಳಿಕೊಳ್ಳಿ.

ಕರಾವಳಿ ಕಡೆಯಿಂದ ಬರುವವರಿಗೆ ಹತ್ತಿರದ ಗೇಟು ಬಚುಮಾ. ಮೊಂಬಾಸಾದಿಂದ ಸುಮಾರು 100 ಕಿ.ಮೀ. ಬಂದರಿನಿಂದ ನೈರೋಬಿಗೆ, ಉಗಾಂಡಾಕ್ಕೆ ಹೋಗುವ ಕಂಟೇನರ್ ಲಾರಿಗಳೆಲ್ಲ ಇದೇ ರಸ್ತೆ ಹಿಡಿಯುತ್ತವೆ, ಹಾಗಾಗಿ ಕಿಲೋಮೀಟರ್ ನೋಡಿ ಸಮಯ ಲೆಕ್ಕ ಹಾಕಬೇಡಿ. ಡಯಾನಿಯಿಂದ ಗೇಟಿಗೆ ಮೂರು ಗಂಟೆ ಇಟ್ಟುಕೊಳ್ಳಿ. ನಾಲ್ಕಕ್ಕೆ ಹೊರಟರೆ ಏಳಕ್ಕೆ ಗೇಟು. ಆರಕ್ಕೆ ತಿಂಡಿ ತಿಂದು ಹೊರಟರೆ ಒಂಬತ್ತೂವರೆ, ಹತ್ತು ಗಂಟೆ. ಅಷ್ಟು ಹೊತ್ತಿಗೆ ಬಿಸಿಲು ಏರಿ ಸಿಂಹ ಪೊದೆ ಸೇರಿರುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಅದು ಎದ್ದು ಮೈ ಮುರಿಯುವಾಗ ನೀವು ವಾಪಸ್ ಹೆದ್ದಾರಿಯಲ್ಲಿ ಇರುತ್ತೀರಿ.

ಕಾಡುಪಾಪ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಮಟ್ಟಿಗೆ ಒಂದು ದಿನದ ಟ್ರಿಪ್ ಬೇಡವೇ ಬೇಡ. ಒಂದು ರಾತ್ರಿ ಉಳಿಯಿರಿ.

ತ್ಸಾವೊ ಈಸ್ಟ್ ಅಂದರೆ 13,747 ಚದರ ಕಿ.ಮೀ. ಕಾಡು, 1948ರಲ್ಲಿ ಆದ ರಾಷ್ಟ್ರೀಯ ಉದ್ಯಾನ. ಒಂದು ದಿನಕ್ಕೆ ಬಂದವರು ನೋಡೋದು ಅದರ ದಕ್ಷಿಣದ ಒಂದು ಮೂಲೆಯನ್ನು. ಬಚುಮಾದಿಂದ ಒಳಗೆ ಹೋಗಿ ಅರೂಬಾ ಕೆರೆ ತನಕ, ಜಾಸ್ತಿ ಅಂದರೆ ವೋಯ್ ಪಟ್ಟಣದ ಪಕ್ಕದ ಗೇಟಿನ ಕಡೆಗೆ. ಅದೂ ಒಳ್ಳೆಯ ಜಾಗವೇ, ಇಲ್ಲ ಅನ್ನಲ್ಲ. ಆದರೆ ಕಾಡಿನಲ್ಲಿ ಬೆಳಗಿನ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರು, ಈ ಎರಡು ಹೊತ್ತು ಬಿಟ್ಟು ಮಿಕ್ಕ ಹೊತ್ತು ಸುತ್ತಿದರೆ ಅರ್ಧ ಊಟಕ್ಕೆ ಪೂರ್ತಿ ದುಡ್ಡು ಕೊಟ್ಟಂತೆ. ಪಾರ್ಕು ತೆರೆಯೋದು ಬೆಳಿಗ್ಗೆ 6ಕ್ಕೆ, ಮುಚ್ಚೋದು ಸಂಜೆ 6ಕ್ಕೆ. ವೋಯ್ ಹತ್ತಿರ ಅಥವಾ ಪಾರ್ಕಿನ ಒಳಗೇ ಉಳಿದುಕೊಂಡರೆ ಎರಡೂ ಹೊತ್ತು ನಿಮ್ಮದು.

ಇನ್ನೊಂದು ವಿಷಯ. ರಾತ್ರಿ ಕತ್ತಲಲ್ಲಿ ಆ ಲಾರಿಗಳ ನಡುವೆ ವಾಪಸ್ ಬರೋದು ನನಗೆ ಇಷ್ಟವಿಲ್ಲ. ಬೆಳಿಗ್ಗೆ ಮೂರೂವರೆಗೆ ಎದ್ದ ಡ್ರೈವರ್ ರಾತ್ರಿ ಏಳೂವರೆಗೂ ಅದೇ ಸ್ಟಿಯರಿಂಗ್ ಹಿಡಿದಿರುತ್ತಾನೆ. ಮಗು, ವಯಸ್ಸಾದವರು ಇರುವಾಗ ಇದನ್ನೂ ಯೋಚನೆ ಮಾಡಬೇಕು ಅಲ್ವಾ.

ದಾರಿಹೋಕ

ಕಾಡುಪಾಪ ಅವರೇ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಎಲ್ಲರಿಗೂ ಒಂದು ರಾತ್ರಿ ಉಳಿಯಲು ಆಗಲ್ಲ. ರಜೆ ಇರಲ್ಲ, ಲಾಡ್ಜಿನ ಖರ್ಚು ಬೇರೆ. ಅಂಥವರು ಹೋಗಲೇಬಾರದು ಅಂದರೆ ಹೇಗೆ?

ನಾವು ಒಂದೇ ದಿನಕ್ಕೆ ಹೋಗಿದ್ದು, ನನ್ನ ತಂದೆಯೂ ಜೊತೆಗಿದ್ದರು. ಬೆಳಿಗ್ಗೆ ನಾಲ್ಕಕ್ಕೆ ಹೊರಟೆವು, ಹೋಟೆಲಿನವರು ತಿಂಡಿ ಡಬ್ಬಿ ಕಟ್ಟಿಕೊಟ್ಟರು. ಸಿಂಹ ಸಿಗಲಿಲ್ಲ. ಆದರೆ ಆನೆಗಳು! ಬಚುಮಾ ದಾಟಿ ಸ್ವಲ್ಪ ಹೊತ್ತಿಗೇ ರಸ್ತೆ ಪಕ್ಕ ಒಂದು ಹಿಂಡು. ಇಟ್ಟಿಗೆ ಕೆಂಪು ಬಣ್ಣ. ಅಲ್ಲಿನ ಮಣ್ಣೇ ಕೆಂಪು, ಅದನ್ನೇ ಮೈಮೇಲೆ ಎರಚಿಕೊಂಡು, ಕೆಸರಿನಲ್ಲಿ ಹೊರಳಿ ಹಾಗೆ ಆಗುತ್ತವೆ. ಒಂದು ದೊಡ್ಡ ಹೆಣ್ಣಾನೆ ಮುಂಗಾಲಿನಿಂದ ನೆಲ ಕೆರೆಯಿತು. ಸಡಿಲವಾದ ಮಣ್ಣನ್ನು ಸೊಂಡಿಲ ತುದಿಯಲ್ಲಿ ಗುಡ್ಡೆ ಮಾಡಿಕೊಂಡು ಹೊಟ್ಟೆಯ ಕೆಳಗೆ ಒಮ್ಮೆ, ಕಿವಿಯ ಹಿಂದೆ ಒಮ್ಮೆ ಊದಿಕೊಂಡಿತು. ಆ ಧೂಳು ನಮ್ಮ ವ್ಯಾನಿನೊಳಗೆ ಬಂದು ಅಪ್ಪನ ಬಿಳಿ ಶರ್ಟೂ ಕೆಂಪಾಯಿತು. ಅವರು ಆ ಶರ್ಟನ್ನು ಒಗೆಯಲು ಬಿಡಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ ಇನ್ನೊಮ್ಮೆ ಆಫ್ರಿಕಾಕ್ಕೆ ಬರುತ್ತಾರಾ? ಅವತ್ತು ಸುಸ್ತಾಯಿತು ಅಂತ ಒಮ್ಮೆಯೂ ಹೇಳಲಿಲ್ಲ.

ಹಾಗಾಗಿ ಬೆಳಿಗ್ಗೆ ಬೇಗ ಏಳಲು ತಯಾರಿದ್ದರೆ ಹೋಗಿ ಮೇಡಂ. ಆರು ಗಂಟೆಗೆ ಹೊರಡುವ ಗಾಡಿ ಆದರೆ ಮಾತ್ರ ಬೇಡ.

ಹಕ್ಕಿನೋಟ

ಯಾರೂ ಶಿಂಬಾ ಹಿಲ್ಸ್ ಹೆಸರೇ ಎತ್ತಿಲ್ಲವಲ್ಲ! ಡಯಾನಿಯಿಂದ ಒಂದು ಗಂಟೆಯ ಒಳಗೆ ತಲುಪುವ ಜಾಗ. ಕ್ವಾಲೆ ಪಟ್ಟಣದ ಪಕ್ಕ, ಗುಡ್ಡದ ಮೇಲಿನ ಕಾಡು ಮತ್ತು ಹುಲ್ಲುಗಾವಲು. ಸೇಬಲ್ ಅನ್ನುವ ಕಪ್ಪು ಜಿಂಕೆ, ಹಿಂದಕ್ಕೆ ಬಾಗಿದ ಉದ್ದ ಕೊಂಬಿನದು, ಇಡೀ ಕೀನ್ಯಾದಲ್ಲಿ ಕಾಣಸಿಗೋದು ಇಲ್ಲಿ ಮಾತ್ರ. ಆನೆ, ಕಾಡೆಮ್ಮೆ, ಜಿರಾಫೆ ಇವೆ. ಎತ್ತರದಿಂದ ಸಮುದ್ರ ಕಾಣುತ್ತದೆ. ಶೆಲ್ಡ್ರಿಕ್ ಜಲಪಾತಕ್ಕೆ ರೇಂಜರ್ ಜೊತೆಗೆ ನಡೆದು ಹೋಗಬಹುದು, ಆದರೆ ಇಳಿಜಾರು ಹತ್ತಿ ಇಳಿಯಬೇಕು. ಮಂಡಿನೋವಿನವರಿಗೆ ಅದು ಬೇಡ, ಗಾಡಿಯಲ್ಲಿ ಸುತ್ತಿದರೆ ಸಾಕು.

ಒಂದು ಮಾತು ನೇರವಾಗಿ ಹೇಳುತ್ತೇನೆ, ಸಿಂಹಕ್ಕೋಸ್ಕರ ಶಿಂಬಾಕ್ಕೆ ಹೋಗಬೇಡಿ. ಕಾಡು ದಟ್ಟ, ತ್ಸಾವೊದ ಹಾಗೆ ಬಯಲಲ್ಲ. ಪ್ರಾಣಿ ಹತ್ತಿರವೇ ಇದ್ದರೂ ಮರದ ಮರೆಯಲ್ಲಿ ಉಳಿದುಬಿಡುತ್ತದೆ. ಆದರೆ ಬೆಳಿಗ್ಗೆ ಐದಕ್ಕೆ ಹೊರಟರೆ ಗೇಟು ತೆರೆಯುವಾಗ ಅಲ್ಲಿರುತ್ತೀರಿ, ಮಧ್ಯಾಹ್ನದ ಊಟಕ್ಕೆ ರೆಸಾರ್ಟ್‌ನಲ್ಲಿರುತ್ತೀರಿ.

ತ್ಸಾವೊಗೇ ಹೋದರೆ ಮಗಳಿಗೆ ಜೆರೆನುಕ್ ತೋರಿಸಿ. ಉದ್ದ ಕತ್ತು, ಕಡ್ಡಿಯಂಥ ಕಾಲಿನ ಜಿಂಕೆ. ಮುಳ್ಳುಪೊದೆ ಹತ್ತಿರ ಬಂದು ಹಿಂಗಾಲಿನ ಮೇಲೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಮುಂಗಾಲಿನಿಂದ ಕೊಂಬೆಯನ್ನು ಬಗ್ಗಿಸಿ ಮುಳ್ಳುಗಳ ನಡುವಿನ ಚಿಗುರನ್ನು ಒಂದೊಂದಾಗಿ ಕೀಳುತ್ತದೆ. ಎಲ್ಲರೂ ಸಿಂಹ ಹುಡುಕುತ್ತಾ ಇದನ್ನು ದಾಟಿ ಹೋಗಿಬಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ರಣಹದ್ದಿನ ತಲೆಯ ನೀಲಿ ಗಿನಿಕೋಳಿಗಳೂ ಅಲ್ಲಿ ಹಿಂಡು ಹಿಂಡಾಗಿ ಓಡಾಡುತ್ತವೆ.

ಸಂಜೆಮಲ್ಲಿಗೆ

ಇಷ್ಟು ವಿವರವಾಗಿ ಬರೆದಿದ್ದೀರಿ, ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೂ ಕೆಲವು ಪ್ರಶ್ನೆ ಇವೆ. ವ್ಯಾನ್ ಒಳ್ಳೆಯದಾ, ಲ್ಯಾಂಡ್ ಕ್ರೂಸರ್ ಒಳ್ಳೆಯದಾ? ಅತ್ತೆಗೆ ಟಾಯ್ಲೆಟ್‌ದೇ ದೊಡ್ಡ ಚಿಂತೆ. ನಾವು ಸಸ್ಯಾಹಾರಿಗಳು, ಊಟ ಸಿಗುತ್ತಾ? ಬೀಚ್‌ನಲ್ಲೇ ಸಫಾರಿ ಮಾರುವವರು ರೆಸಾರ್ಟ್‌ಗಿಂತ ಕಡಿಮೆ ದುಡ್ಡಿಗೆ ಕರೆದುಕೊಂಡು ಹೋಗುತ್ತಾರಂತೆ, ಹೌದಾ?

ಊರೂರು

ಕೊನೆಯ ಪ್ರಶ್ನೆಗೆ ನಾನು ಹೇಳುತ್ತೇನೆ. ಬೀಚ್‌ನಲ್ಲಿ ಫೋಟೋ ಆಲ್ಬಮ್ ಹಿಡಿದುಕೊಂಡು ಬರುವವರಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ನಮಗೆ ಆಗಿದ್ದು ಕೇಳಿ. ಲ್ಯಾಂಡ್ ಕ್ರೂಸರ್ ಅಂತ ತೋರಿಸಿ ಮುಂಗಡ ತೆಗೆದುಕೊಂಡರು. ಬೆಳಿಗ್ಗೆ ಬಂದಿದ್ದು ಹಳೆಯ ವ್ಯಾನ್, ಒಂದು ಗಂಟೆ ತಡ. ದಾರಿಯಲ್ಲಿ ಇನ್ನೂ ಎರಡು ಹೋಟೆಲಿನಿಂದ ಜನ ಹತ್ತಿದರು. ಗೇಟಿಗೆ ಹೋದರೆ ಪಾರ್ಕಿನ ಶುಲ್ಕ ನಮ್ಮ ಮಾತಿನಲ್ಲಿ ಸೇರಿರಲೇ ಇಲ್ಲ ಅಂದರು. ಅಲ್ಲಿ ನಗದು ತೆಗೆದುಕೊಳ್ಳಲ್ಲ, ಆನ್‌ಲೈನ್‌ನಲ್ಲೇ ಕಟ್ಟಬೇಕು. ಬಿಸಿಲಲ್ಲಿ ನಿಂತು ಕಾರ್ಡು ಉಜ್ಜುತ್ತಾ ಬೆಳಗಿನ ಹೊತ್ತೆಲ್ಲ ಅಲ್ಲೇ ಕಳೆಯಿತು.

ಹೀಗೆ ಕೇಳಿ: ಪಾರ್ಕ್ ಶುಲ್ಕ ಸೇರಿದೆಯಾ? ಗಾಡಿ ನಮಗೊಬ್ಬರಿಗೇನಾ? ಯಾವ ಗೇಟಿನಿಂದ ಒಳಗೆ, ಎಷ್ಟು ಹೊತ್ತಿಗೆ? ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಕೀನ್ಯಾದ ಪ್ರವಾಸೋದ್ಯಮ ನಿಯಂತ್ರಣ ಪ್ರಾಧಿಕಾರದ ಲೈಸೆನ್ಸ್ ಇದೆಯಾ ಅಂತಲೂ ಕೇಳಿ. ಅಲ್ಲಿ ಸಫಾರಿ ಗೈಡ್‌ಗಳಿಗೆ ಪರೀಕ್ಷೆ ಇದೆ, ಕಂಚು, ಬೆಳ್ಳಿ, ಚಿನ್ನ ಅಂತ ಮೂರು ದರ್ಜೆ ಕೊಡುತ್ತಾರೆ. ಬೆಳ್ಳಿ ದರ್ಜೆಯ ಗೈಡ್ ಸಿಕ್ಕರೆ ಪುಣ್ಯ. ನೋಡುವ ಕಣ್ಣೇ ಬೇರೆ ಇರುತ್ತದೆ ಅವರಿಗೆ.

ಮೊಂಬಾಸಾವಾಸಿ

ಗಾಡಿ ವಿಷಯ. ಲ್ಯಾಂಡ್ ಕ್ರೂಸರ್ ಒಳ್ಳೆಯದು, ಎತ್ತರ ಇರೋದರಿಂದ ಚೆನ್ನಾಗಿ ಕಾಣುತ್ತದೆ. ಆದರೆ ಅತ್ತೆಯವರಿಗೆ ಹತ್ತಿ ಇಳಿಯೋದು ಕಷ್ಟ, ಒಂದು ಸಣ್ಣ ಸ್ಟೂಲ್ ಇಟ್ಟುಕೊಳ್ಳಲು ಡ್ರೈವರ್‌ಗೆ ಹೇಳಿ. ವ್ಯಾನಿನ ಬಾಗಿಲು ತಗ್ಗು, ಹತ್ತೋದು ಸುಲಭ, ಮೇಲಿನ ಚಾವಣಿ ಎತ್ತಿ ನಿಂತು ನೋಡಬಹುದು. ಫೆಬ್ರವರಿ ಒಣ ಹವೆ, ವ್ಯಾನ್ ಹುಗಿದುಕೊಳ್ಳುವ ಭಯ ಇಲ್ಲ. ಏಪ್ರಿಲ್, ಮೇ ತಿಂಗಳ ಮಳೆಯಲ್ಲಾದರೆ ಲ್ಯಾಂಡ್ ಕ್ರೂಸರೇ ಬೇಕು. ಅತ್ತೆಯವರನ್ನು ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರಿಸಬೇಡಿ. ಪಾರ್ಕಿನ ಒಳಗೆಲ್ಲ ಮಣ್ಣಿನ ರಸ್ತೆ, ಅಲ್ಲಲ್ಲಿ ಅಲೆ ಅಲೆಯಾಗಿ ಎದ್ದಿರುತ್ತದೆ, ಸೊಂಟಕ್ಕೆ ಪೆಟ್ಟು. ಮುಂದಿನ ಸಾಲೇ ಸರಿ.

ಟಾಯ್ಲೆಟ್ ಗೇಟಿನಲ್ಲಿ ಇದೆ, ಆಮೇಲೆ ಊಟಕ್ಕೆ ನಿಲ್ಲುವ ಲಾಡ್ಜಿನಲ್ಲಿ. ನಡುವೆ ಎಲ್ಲೆಂದರಲ್ಲಿ ಇಳಿಯೋ ಹಾಗಿಲ್ಲ. ಇದನ್ನು ಅವರಿಗೆ ಮೊದಲೇ ಹೇಳಿಡಿ.

ಊಟಕ್ಕೆ ಹೆದರಬೇಡಿ. ಮೊಂಬಾಸಾದಲ್ಲಿ ಗುಜರಾತಿಗಳು ತಲೆತಲಾಂತರದಿಂದ ಇದ್ದಾರೆ. ಲಾಡ್ಜುಗಳಲ್ಲಿ ಬೇಳೆ, ಅನ್ನ, ಚಪಾತಿ, ತರಕಾರಿ ಇದ್ದೇ ಇರುತ್ತದೆ. ಚಪಾತಿ ಅಲ್ಲಿನವರ ದಿನದ ಊಟವೂ ಹೌದು.

ಒಂದು ಮುಖ್ಯ ವಿಷಯ. ಪ್ಲಾಸ್ಟಿಕ್ ಚೀಲ ಕೀನ್ಯಾದಲ್ಲಿ 2017ರಿಂದ ನಿಷೇಧ. ರಾಷ್ಟ್ರೀಯ ಉದ್ಯಾನಗಳಲ್ಲಿ 2020ರ ಜೂನ್‌ನಿಂದ ಒಮ್ಮೆ ಬಳಸಿ ಬಿಸಾಡುವ ನೀರಿನ ಬಾಟಲಿಯೂ ಇಲ್ಲ. ಮನೆಯಿಂದಲೇ ಸ್ಟೀಲ್ ಬಾಟಲಿ ತನ್ನಿ, ತಿಂಡಿಯನ್ನು ಡಬ್ಬಿಯಲ್ಲಿ ಹಾಕಿ.

ಕಾಡುಪಾಪ

ಬಟ್ಟೆ ಬಗ್ಗೆಯೂ ಒಂದು ಮಾತು. ಕಡು ನೀಲಿ, ಕಪ್ಪು ಬಟ್ಟೆ ಬೇಡ. ತ್ಸೆತ್ಸೆ ನೊಣ ಆ ಬಣ್ಣಕ್ಕೇ ಬರುತ್ತದೆ, ಶಿಂಬಾದಲ್ಲೂ ಇವೆ. ಕಚ್ಚಿದರೆ ಬಟ್ಟೆ ಮೇಲಿನಿಂದಲೂ ಚುಚ್ಚುತ್ತದೆ. ಮಲೇರಿಯಾ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ, ಮಗುವಿಗೆ ಪ್ರಮಾಣ ಬೇರೆ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಕೀನ್ಯಾದಿಂದ ಭಾರತಕ್ಕೆ ವಾಪಸ್ ಬರುವಾಗ ಆ ಕಾರ್ಡು ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಹೊರಡುವ ಹತ್ತು ದಿನ ಮೊದಲಾದರೂ ಹಾಕಿಸಿರಬೇಕು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಅಪಾಯಿಂಟ್‌ಮೆಂಟ್ ಸಿಗುವುದು ತಡವಾಗಬಹುದು. ಅತ್ತೆಯವರಿಗೆ ಅರವತ್ತು ದಾಟಿದ್ದರೆ ಲಸಿಕೆ ಕೊಡಬಹುದಾ ಇಲ್ಲವಾ ಅಂತ ಅವರ ಡಾಕ್ಟರ ಹತ್ತಿರ ಈಗಲೇ ಮಾತಾಡಿ. ಇದನ್ನು ಕೊನೆಯ ವಾರಕ್ಕೆ ಬಿಡಬೇಡಿ.

ದಾರಿಹೋಕ

ಮಗಳಿಗೆ ಹೇಳಲು ಒಂದು ಕಥೆ, ನಿಜವಾದದ್ದೇ. 1898ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ರೈಲು ದಾರಿ ಹಾಕುತ್ತಿದ್ದರು. ಕೆಲಸಕ್ಕೆ ಬಂದವರಲ್ಲಿ ಸಾವಿರಾರು ಜನ ನಮ್ಮ ದೇಶದ ಕೂಲಿಗಳು. ತ್ಸಾವೊ ನದಿಗೆ ಸೇತುವೆ ಕಟ್ಟುವಾಗ ಎರಡು ಗಂಡು ಸಿಂಹಗಳು ತಿಂಗಳುಗಟ್ಟಲೆ ಡೇರೆಗಳಿಂದ ಜನರನ್ನು ಎಳೆದುಕೊಂಡು ಹೋದವು. ಗಂಡಾದರೂ ಅವಕ್ಕೆ ಕೇಸರ ಇರಲಿಲ್ಲ. ತ್ಸಾವೊದ ಗಂಡು ಸಿಂಹಗಳಲ್ಲಿ ಈಗಲೂ ಕೇಸರ ಕಡಿಮೆ, ಕೆಲವಕ್ಕೆ ಇಲ್ಲವೇ ಇಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಎರಡನ್ನೂ ಹೊಡೆದರು. ಅವು ಈಗ ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿವೆ. ಸಿಂಹಗಳ ಹೆಸರು ಜಗತ್ತಿಗೇ ಗೊತ್ತು. ಸತ್ತ ಕೂಲಿಗಳ ಹೆಸರು ಹೇಳುವವರಿಲ್ಲ. ಆ ಹೆದ್ದಾರಿಯಲ್ಲಿ ಹೋಗುವಾಗ ನನಗೆ ಅದೇ ಕಾಡಿತು. ದಾರಿಯುದ್ದಕ್ಕೂ ರೈಲು ಹಳಿ ಪಕ್ಕದಲ್ಲೇ ಬರುತ್ತದೆ.

ಹಕ್ಕಿನೋಟ

ರೈಲು ಅಂದಿದ್ದಕ್ಕೆ ನೆನಪಾಯಿತು. 2017ರಿಂದ ಹೊಸ ರೈಲು ಓಡುತ್ತಿದೆ, ಮೊಂಬಾಸಾದಿಂದ ನೈರೋಬಿಗೆ. ಎಲ್ಲ ಊರುಗಳಲ್ಲಿ ನಿಲ್ಲುವ ರೈಲು ವೋಯ್‌ನಲ್ಲೂ ನಿಲ್ಲುತ್ತದೆ. ಹಳಿಯನ್ನು ದಿಬ್ಬದ ಮೇಲೆ ಹಾಕಿ, ಕೆಳಗೆ ಆನೆಗಳು ದಾಟಲು ದಾರಿ ಬಿಟ್ಟಿದ್ದಾರೆ. ಕಾಲು ಚಾಚಿ ಕೂರಬಹುದು, ಟಾಯ್ಲೆಟ್ ಇದೆ, ಲಾರಿಗಳ ಕಾಟ ಇಲ್ಲ. ವೋಯ್ ಸ್ಟೇಷನ್‌ಗೆ ಲಾಡ್ಜಿನ ಗಾಡಿ ಕರೆಸಿಕೊಳ್ಳಬಹುದು. ಆದರೆ ಸ್ಟೇಷನ್ ಮೊಂಬಾಸಾ ಪೇಟೆಯಲ್ಲಿಲ್ಲ, ಮಿರಿಟಿನಿಯಲ್ಲಿದೆ. ಡಯಾನಿಯಿಂದ ಅಲ್ಲಿಗೆ ಹೋಗಿ ಮತ್ತೆ ಒಂದೇ ದಿನದಲ್ಲಿ ವಾಪಸ್ ಅನ್ನೋದು ಹೊಂದಲ್ಲ. ಉಳಿಯುವವರಿಗೆ ಸರಿ.

ಮೊಂಬಾಸಾವಾಸಿ

ಸಂಜೆಮಲ್ಲಿಗೆ ಅವರೇ, ನಿಮ್ಮ ಮೊದಲ ಪೋಸ್ಟ್ ಮತ್ತೆ ಓದಿದೆ. ಯಜಮಾನರ ಕೆಲಸ ಇರೋದು ಮೊಂಬಾಸಾದಲ್ಲಿ, ಡಯಾನಿಗೆ ಹೋಗೋದು ಆಮೇಲೆ ಅಂದಿದ್ದೀರಿ. ಹಾಗಿದ್ದ ಮೇಲೆ ಡಯಾನಿಯಿಂದ ತ್ಸಾವೊಗೆ ಹೋಗೋದೇ ಯಾಕೆ? ಕೆಲಸ ಮುಗಿದ ಮರುದಿನ ಮೊಂಬಾಸಾದಿಂದಲೇ ಹೊರಡಿ. ಫೆರ್ರಿ ಇಲ್ಲ, ಬೈಪಾಸ್ ಇಲ್ಲ. ಒಂದು ರಾತ್ರಿ ತ್ಸಾವೊದಲ್ಲಿ ಉಳಿದು, ಬೆಳಗಿನ ಸಫಾರಿ ಮುಗಿಸಿ, ವಾಪಸ್ ಬರುವಾಗ ಸೀದಾ ಡಯಾನಿಗೆ ಇಳಿಯಿರಿ. ಒಂದು ವಾರದ ರೆಸಾರ್ಟ್‌ನಲ್ಲಿ ಒಂದು ರಾತ್ರಿ ಕಡಿಮೆ ಮಾಡಿಸಿದರೆ ಖರ್ಚೂ ಅಷ್ಟು ಏರಲ್ಲ. ಹೋಗುವಾಗ ಬರುವಾಗ ಎರಡೂ ಪ್ರಯಾಣ ಹಗಲಲ್ಲೇ ಮುಗಿಯುತ್ತದೆ.

ಕಾಡುಪಾಪ

ಇದೇ ಸರಿ! ಸಮುದ್ರ ಕೊನೆಗೆ ಇರಲಿ. ಧೂಳೆಲ್ಲ ತೊಳೆದುಕೊಳ್ಳಬಹುದು.

ಸಂಜೆಮಲ್ಲಿಗೆ

ಇದು ನಮಗೆ ಹೊಳೆದೇ ಇರಲಿಲ್ಲ. ಯಜಮಾನರಿಗೆ ಓದಿ ಹೇಳಿದೆ, ಕೂಡಲೇ ಒಪ್ಪಿದರು. ರೆಸಾರ್ಟಿಗೆ ಮೇಲ್ ಮಾಡಿ ಮೊದಲ ರಾತ್ರಿ ತೆಗೆಸಿದ್ದೇವೆ. ಲಸಿಕೆ ಬಗ್ಗೆ ಅತ್ತೆಯನ್ನು ಡಾಕ್ಟರ ಹತ್ತಿರ ಸೋಮವಾರ ಕರೆದುಕೊಂಡು ಹೋಗುತ್ತೇನೆ. ಅವರಿಗೆ ಆಗದು ಅಂದರೆ ಪ್ರಯಾಣದ ಬಗ್ಗೆಯೇ ಬೇರೆ ಯೋಚಿಸಬೇಕು.

ಇನ್ನೊಂದೇ ಪ್ರಶ್ನೆ. ಮೊಂಬಾಸಾದಿಂದ ಎಷ್ಟು ಹೊತ್ತಿಗೆ ಹೊರಡಬೇಕು? ಡಯಾನಿಯಲ್ಲಿ ಮಗಳಿಗೆ ನೋಡಲು ಬೇರೆ ಏನಾದರೂ ಪ್ರಾಣಿ ಇದೆಯಾ?

ಹಕ್ಕಿನೋಟ

ಡಯಾನಿಯಲ್ಲೇ ಕೊಲೊಬಸ್ ಕೋತಿಗಳಿವೆ, ಕಪ್ಪು ಮೈ, ಭುಜದಿಂದ ಇಳಿಬಿದ್ದ ಬಿಳಿ ಕೂದಲು. ರಸ್ತೆ ದಾಟುವಾಗ ಗಾಡಿಗೆ ಸಿಕ್ಕಿ ಸಾಯುತ್ತಿದ್ದವು ಅಂತ ಮರದಿಂದ ಮರಕ್ಕೆ ಹಗ್ಗದ ಏಣಿ ಕಟ್ಟಿದ್ದಾರೆ. ಬೀಚ್ ರಸ್ತೆಯಲ್ಲಿ ತಲೆ ಎತ್ತಿ ನಡೆದರೆ ಅವು ಅದರ ಮೇಲೆ ದಾಟೋದು ಕಾಣಬಹುದು. ಇವನ್ನು ಉಳಿಸಲೆಂದೇ 1997ರಿಂದ ಒಂದು ಸಂಸ್ಥೆ ಅಲ್ಲಿ ಕೆಲಸ ಮಾಡುತ್ತಿದೆ, ಮಗಳನ್ನು ಕರೆದುಕೊಂಡು ಹೋಗಿ. ರೆಸಾರ್ಟಿನ ಬಾಲ್ಕನಿಗೆ ಬೇರೆ ಕೋತಿಗಳೂ ಬರುತ್ತವೆ, ಬಾಳೆಹಣ್ಣು ಕೊಡಲು ಮಾತ್ರ ಬಿಡಬೇಡಿ. ರುಚಿ ಹತ್ತಿದ ಕೋತಿಗೇ ಆಮೇಲೆ ತೊಂದರೆ.

ಮೊಂಬಾಸಾವಾಸಿ

ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಾಕು. ಲಾಡ್ಜಿನಲ್ಲಿ ಊಟ ಮಾಡಿ, ಅತ್ತೆಯವರು ಎರಡು ಗಂಟೆ ಮಲಗಿಕೊಳ್ಳಲಿ. ಮೂರೂವರೆಗೆ ಸಫಾರಿಗೆ ಹೊರಟರೆ ಅರೂಬಾ ಕೆರೆ ಹತ್ತಿರ ಆನೆಗಳು ನೀರಿಗೆ ಬರುವ ಹೊತ್ತು. ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಹೋಗಿ, ಒಂಬತ್ತಕ್ಕೆ ವಾಪಸ್ ಬಂದು ತಿಂಡಿ. ಅತ್ತೆಯವರಿಗೆ ಬೆಳಗಿನದು ಕಷ್ಟ ಅನ್ನಿಸಿದರೆ ಲಾಡ್ಜಿನಲ್ಲೇ ಕೂರಲಿ. ವೋಯ್ ಕಡೆಯ ಕೆಲವು ಲಾಡ್ಜುಗಳ ಮುಂದೆಯೇ ನೀರಿನ ಹೊಂಡ ಇದೆ, ಬುಕ್ ಮಾಡುವಾಗ ಅಂಥದ್ದನ್ನೇ ಕೇಳಿ. ಪಾರ್ಕಿನ ಟಿಕೆಟ್ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತಲೂ ಆಗಲೇ ಕೇಳಿಕೊಂಡರೆ ಮರುದಿನ ಹೊರಗೆ ಬರುವ ಹೊತ್ತು ಗೊತ್ತಾಗುತ್ತದೆ. ವ್ಯಾನಿನವರ ಜೊತೆ ಮಾತಾಡುವಾಗ ಬಿಡುವ ಜಾಗ ಡಯಾನಿ ಅಂತ ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಮೊಂಬಾಸಾದಲ್ಲೇ ಇಳಿಸಿ, ಡಯಾನಿಗೆ ಬೇರೆ ಬಾಡಿಗೆ ಕೇಳುತ್ತಾರೆ.